ಎದೆಗೆ ಕಟ್ಟಿ ಕಳಿಸಿದ ಕೂಸು

ಅಥವಾ ಅದು ಬೇರೆ ಕೂಸಿನ ಪಾದ ಇರಬೇಕು. ಆಕ್ಸಿಜನ್ ಅಳೆಯುವ ಪಟ್ಟಿ ಸುತ್ತಿದಾಗ ಅದರ ಕೆಂಪು ಬೆಳಕು ಅಂಗಾಲಿನ ಈ ಕಡೆ ಹೊಕ್ಕು ಆ ಕಡೆ ಬರುತ್ತಿತ್ತು, ನಡುವೆ ಎಲುಬುಗಳು ನೆರಳಿನ ಹಾಗೆ ಕಾಣುತ್ತಿದ್ದವು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗೆಲ್ಲ ಈ ಕೂಸಿನದೇ ಪಾದ ಅಂತ ಹೇಳಿದ್ದೇನೆ. ಈಗ ಬರೆಯಲು ಕೂತರೆ ಎಲುಬು ನಿಜವಾಗಿ ಕಂಡಿತ್ತೇ ಎಂಬುದೇ ಅನುಮಾನ. ದಿನ ತುಂಬದೆ ಹುಟ್ಟಿದ ಕೂಸುಗಳು ಒಡಹುಟ್ಟಿದವರಿಗಿಂತ ಹೆಚ್ಚಾಗಿ ಒಂದನ್ನೊಂದು ಹೋಲುತ್ತವೆ. ಮುದುಕರ ಹಣೆ, ಮಡಚಿದರೆ ಮಡಚಿದ ಹಾಗೇ ಉಳಿಯುವ ಕಿವಿ, ಭುಜದ ಮೇಲೆ ನವಿರು ಕೂದಲು, ನೀಲಿ ನರಗಳನ್ನು ಮುಚ್ಚಲಾರದ ಚರ್ಮ. ಒಂದರ ನೆನಪು ಇನ್ನೊಂದರ ಮೇಲೆ ಕೂತುಬಿಡುತ್ತದೆ. ಹಾಗಾಗಿ ಪಾದವನ್ನು ಬಿಡುತ್ತೇನೆ. ಖಾತ್ರಿ ಇರುವುದನ್ನು ಮಾತ್ರ ಬರೆಯಬೇಕೆಂದರೆ ಒಂದು ಪುಟವೂ ತುಂಬುವುದಿಲ್ಲ. ಅನುಮಾನ ಇರುವಲ್ಲಿ ಅನುಮಾನ ಅಂತಲೇ ಬರೆಯುತ್ತೇನೆ.

ಆಸ್ಪತ್ರೆ ಯಾವುದು ಎಂದು ಬರೆಯುವುದಿಲ್ಲ. ಗಡಿಯಾಚೆಯ ತೆಲುಗು ಸೀಮೆಯ ನಾರಾಯಣಪೇಟೆ, ಮಕ್ತಲ್, ಗದ್ವಾಲ, ಮೂರೂ ಕಡೆ ಎಳೆಗೂಸುಗಳ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಅವುಗಳಲ್ಲಿ ಒಂದು ಎಂದರೆ ಸಾಕು. ನನ್ನ ಪಾಳಿಯಲ್ಲಿ ಆಗ ನಾವು ಮೂವರು: ನಾನು, ಮಕ್ಕಳ ಡಾಕ್ಟರು, ಒಬ್ಬ ಆಯಾ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆಯಾಗೆ ಕನ್ನಡ, ತೆಲುಗು, ಉರ್ದು ಮೂರೂ ಬರುತ್ತಿದ್ದವು. ಮೂರರಲ್ಲೂ ಬಯ್ಯುತ್ತಿದ್ದಳು.

ಕೂಸಿನ ಮನೆಯವರು ಗಟ್ಟು ಕಡೆಯ ಕುರಿಗಾರರು. ತಾಯಿಗೆ ಏಳು ತಿಂಗಳು. ಕಾಲು ಬಾತುಕೊಂಡಿದ್ದವು, ತಲೆನೋವು ಬಿಡದೆ ಹಿಡಿದಿತ್ತು. ಬಸುರಿಗೆ ಇದೆಲ್ಲ ಇರುವುದೇ ಅಂತ ಮನೆಯಲ್ಲಿ ಅಂದುಕೊಂಡರು. ಫಿಟ್ಸ್ ಬಂದು ಹಲ್ಲು ಕಚ್ಚಿದಾಗ ಅಂಬುಲೆನ್ಸಿಗೆ ಫೋನ್ ಮಾಡಿದರು. ರಕ್ತದೊತ್ತಡ ಅಷ್ಟು ಏರಿದ ಮೇಲೆ ತಾಯಿ ಉಳಿಯಬೇಕಾದರೆ ಕೂಸನ್ನು ಹೊರಗೆ ತೆಗೆಯುವುದೊಂದೇ ದಾರಿ. ಕೂಸು ಯಾಕೆ ದಿನಕ್ಕಿಂತ ಮುಂಚೆ ಹುಟ್ಟುತ್ತದೆ ಎಂದು ಜನ ಕೇಳಿದರೆ ಬಹಳ ಸಲ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಇಲ್ಲಿ ಇತ್ತು. ಉತ್ತರ ಇದ್ದದ್ದರಿಂದ ಏನೂ ಸುಲಭವಾಗಲಿಲ್ಲ.

ಹೆರಿಗೆಗೆ ಮುಂಚೆ ತಾಯಿಗೆ ಕೊಡುವ ಒಂದು ಇಂಜೆಕ್ಷನ್ ಇದೆ. ಒಳಗಿರುವ ಕೂಸಿನ ಪುಪ್ಪುಸವನ್ನು ಅದು ಬೇಗ ಬಲಿಸುತ್ತದೆ. ಕೆಲಸ ಮಾಡಲು ಅದಕ್ಕೆ ಸರಿಸುಮಾರು ಒಂದು ದಿನ ಬೇಕು. ನಮಗೆ ಆ ದಿನ ಸಿಗಲಿಲ್ಲ. ಚುಚ್ಚಿದೆವು, ಚುಚ್ಚಿದ ಬೆನ್ನಿಗೇ ಆಪರೇಷನ್ನಿಗೆ ಒಯ್ದರು.

ಹೆಣ್ಣು ಕೂಸು. ಕಿಲೋ ಸಕ್ಕರೆಯ ಪೊಟ್ಟಣಕ್ಕಿಂತ ಚೂರು ಹೆಚ್ಚು ತೂಕ. ಒರೆಸದೆ ಹಾಗೇ ಕುತ್ತಿಗೆಯವರೆಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದೆವು; ಇಂಥ ಕೂಸಿನ ಮೈಯ ಶಾಖ ಒದ್ದೆ ಆರುವಷ್ಟರಲ್ಲೇ ಹೊರಟುಹೋಗುತ್ತದೆ. ಮೇಲಿನಿಂದ ಶಾಖ ಕೊಡುವ ವಾರ್ಮರಿನ ಕೆಳಗೆ ಮಲಗಿಸಿ ಮೂಗಿಗೆ ಎರಡು ಸಣ್ಣ ಕೊಳವೆ ಹಾಕಿದೆವು. ಕೊಳವೆಯ ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಮುಳುಗಿರುತ್ತದೆ. ನೀರು ಗುಳುಗುಳು ಅನ್ನುತ್ತಿದ್ದರೆ ಗಾಳಿಯ ಒತ್ತಡ ಸರಿಯಾಗಿದೆ, ಒಳಗಿನ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತಿಲ್ಲ ಎಂದು ಅರ್ಥ. ಸದ್ದು ನಿಂತರೆ ನಾವು ಓಡುತ್ತೇವೆ.

ತಾಯಿಗೆ ಎಚ್ಚರ ಬರಲಿಲ್ಲ. ಅವಳನ್ನು ದೊಡ್ಡ ದವಾಖಾನೆಗೆ ಕಳಿಸಿದರು, ಜೊತೆಗೆ ಅವಳ ತವರಿನವರು ಹೋದರು. ಕೂಸಿನ ಪಾಲಿಗೆ ಉಳಿದವರು ಇಬ್ಬರೇ, ಅಪ್ಪ ಮತ್ತು ಅಪ್ಪನ ತಾಯಿ. ಅಜ್ಜಿ ಕೈ ತೊಳೆದು, ಚಪ್ಪಲಿ ಬಿಟ್ಟು, ನಾವು ಕೊಟ್ಟ ಗೌನು ಹಾಕಿಕೊಂಡು ಒಳಗೆ ಬಂದಳು. ಬಾಟಲಿಯನ್ನು ನೋಡಿದಳು.

"ಏನ್ ಸಿಸ್ಟರವ್ವಾ, ನನ ಮೊಮ್ಮಗಳಿಗಿ ಈಗಿಂದನ ಹುಕ್ಕಾ ಸೇದಾಕ ಹಚ್ಚೀರಿ?"

ಆಯಾ ನಕ್ಕಳು. "ನಿನ್ನ ಮೊಮ್ಮಗಳಲ್ಲೇನ, ಕಲೀಲಿ ಬಿಡು."

ಅಪ್ಪ ಒಳಗೆ ಬರಲಿಲ್ಲ. ಬಾಗಿಲ ಗಾಜಿನ ಆಚೆ ನಿಂತ. ಕರೆದರೆ ತಲೆ ಅಲ್ಲಾಡಿಸಿ ಬಲಗೈ ಎತ್ತಿ ತೋರಿಸಿದ. ಮಣಿಕಟ್ಟಿಗೆ ಉಣ್ಣೆಯ ದಾರ, ದಾರದಲ್ಲಿ ಅರಿಶಿನದ ಕೊಂಬು. ಬೀರಪ್ಪನ ಕಂಕಣ.

ಅದರ ವಿಚಾರ ಅಜ್ಜಿ ಹೇಳಿದಳು. ಮೊದಲೆರಡು ಬಸಿರು ನಿಂತಿರಲಿಲ್ಲ. ಈ ಸಲ ನಿಂತರೆ ದೇವರ ಕಾರ್ಯದಲ್ಲಿ ಕಂಕಣ ಕಟ್ಟಿಸಿಕೊಳ್ಳುತ್ತೇನೆ ಎಂದು ಮಗ ಹರಕೆ ಹೊತ್ತಿದ್ದ. ಬಸಿರು ನಿಂತಿತು, ಕಟ್ಟಿಸಿಕೊಂಡ. ಕಂಕಣ ಇರುವವರೆಗೆ ಪುರುಡಿನ ಮನೆಗೆ ಕಾಲಿಡಬಾರದು, ಬಾಣಂತಿಯನ್ನೂ ಹಸುಗೂಸನ್ನೂ ಮುಟ್ಟಬಾರದು. ಕಟ್ಟಿದ ಪೂಜಾರಿಯೇ ಬಿಚ್ಚಬೇಕು, ಅದೂ ಕಾರ್ಯ ಮುಗಿದ ಮೇಲೆ. ಕೂಸು ತನ್ನ ದಿನಕ್ಕೆ ಬಂದಿದ್ದರೆ ಇದ್ಯಾವುದೂ ಅಡ್ಡಿಯಿರಲಿಲ್ಲ. ಕಾರ್ಯ ಮುಗಿದು, ಕಂಕಣ ಬಿಚ್ಚಿ, ಎಷ್ಟೋ ದಿನದ ಮೇಲೆ ಹೆರಿಗೆ. ಅವರು ಲೆಕ್ಕ ಹಾಕಿಯೇ ಕಟ್ಟಿಸಿದ್ದರು. ದಿನ ತುಂಬದ ಹೆರಿಗೆ ಎಂದರೆ ನಾವು ಪುಪ್ಪುಸ, ಕಣ್ಣು, ಕರುಳು ಅಂತ ಎಣಿಸುತ್ತೇವೆ. ಒಂದು ಮನೆ ಆ ದಿನಗಳ ಮೇಲೆ ಏನೇನು ಕಟ್ಟಿಕೊಂಡಿರುತ್ತದೆ ಎಂಬುದು ನಮ್ಮ ತರಬೇತಿಯಲ್ಲಿ ಬರಲಿಲ್ಲ.

ಆರಂಭದ ದಿನಗಳ ಕ್ರಮ ನನಗೆ ಸರಿಯಾಗಿ ನೆನಪಿಲ್ಲ. ಉಸಿರು ಮರೆಯುವುದು ಯಾವಾಗ ಶುರುವಾಯಿತು, ಹಾಲು ಯಾವಾಗ ಕೊಟ್ಟೆವು, ಹಿಂದುಮುಂದಾಗಿರಬಹುದು. ಉಸಿರು ಮರೆಯುವುದು ಎಂದರೆ ನಿಜಕ್ಕೂ ಮರೆಯುವುದೇ. ಉಸಿರಾಡುತ್ತಲೇ ಇರಬೇಕು ಎಂಬ ರೂಢಿ ಅಂಥ ಮಿದುಳಿಗೆ ಇನ್ನೂ ಬಂದಿರುವುದಿಲ್ಲ. ಎದೆ ಏರಿಳಿಯುತ್ತಿರುತ್ತದೆ, ಸುಮ್ಮನಾಗುತ್ತದೆ, ತುಟಿಯ ಸುತ್ತ ನೀಲಿ ಬರುತ್ತದೆ. ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ಹೊಡೆದರೆ ನೆನಪು ಮಾಡಿಕೊಂಡಂತೆ ಮತ್ತೆ ಶುರು ಮಾಡುತ್ತದೆ. ಇದಕ್ಕೆ ಕೆಫೀನ್ ಕೊಡುತ್ತೇವೆ, ಚಹಾದಲ್ಲಿರುವುದೇ. ಆಯಾ ಅದನ್ನು ಕೂಸಿನ ಚಾಯ್ ಅನ್ನುತ್ತಿದ್ದಳು.

ಆಕ್ಸಿಜನ್ ಕಡಿಮೆಯಾದರೆ ಮಿದುಳಿಗೆ ಕೇಡು, ಹೆಚ್ಚಾದರೆ ಕಣ್ಣಿಗೆ ಕೇಡು. ಎರಡರ ನಡುವಿನ ಸಣ್ಣ ಜಾಗದಲ್ಲಿ ಅದನ್ನು ನಿಲ್ಲಿಸಲು ಗುಂಡಿ ತಿರುಗಿಸುತ್ತಲೇ ಇರಬೇಕು. ಡಾಕ್ಟರು ಬಂದಾಗೆಲ್ಲ "ಪಾಪ ಎಲಾ ಉಂದಿ?" ಅನ್ನುತ್ತಿದ್ದರು, ಕೂಸು ಹೇಗಿದೆ ಅಂತ. ನಾನು ಹೇಳುತ್ತಿದ್ದೆ. ಅವರು ಕೇಳಿಸಿಕೊಂಡು "ಚೂದ್ದಾಂ" ಅನ್ನುತ್ತಿದ್ದರು. ನೋಡೋಣ ಅಂತ ಅದರ ಅರ್ಥ. ನಮ್ಮ ವಾರ್ಡಿನಲ್ಲಿ ಆ ಮಾತನ್ನು ಬದುಕುವ ಕೂಸುಗಳ ಬಗ್ಗೆ ಯಾರೂ ಹೇಳುತ್ತಿರಲಿಲ್ಲ.

ಹಾಲಿಗೆ ತಾಯಿ ಇರಲಿಲ್ಲ. ಪುಡಿಹಾಲು ಇಂಥ ಕರುಳಿಗೆ ಒಗ್ಗುವುದು ಕಷ್ಟ. ಪಕ್ಕದ ಹಾಸಿಗೆಯ ಬಾಣಂತಿಗೆ ಹಾಲು ಜಾಸ್ತಿ ಇತ್ತು, ಅವಳ ರಕ್ತಪರೀಕ್ಷೆ ಎಲ್ಲ ಸರಿಯಿತ್ತು. ಕೇಳಿದ್ದಕ್ಕೆ ಹಿಂಡಿ ಕೊಟ್ಟಳು.

"ಯಾರ ಪೈಕಿ ಈಕಿ?" ಎಂದು ಅಜ್ಜಿ ಆಯಾನ ಕಿವಿಯಲ್ಲಿ ಕೇಳಿದಳು.

"ಹಾಲಿನ ಪೈಕಿ. ಬ್ಯಾಡಾದ್ರ ಹೇಳು, ಚಾದಾಗ ಹಾಕ್ಕೊಂಡು ನಾ ಕುಡೀತೀನಿ."

ಬಾಯಿಯಿಂದ ಹೊಟ್ಟೆಗೆ ಇಳಿಸಿದ ಕೊಳವೆಯಲ್ಲಿ ಆ ಹಾಲನ್ನು ತೊಟ್ಟು ತೊಟ್ಟು ಬಿಟ್ಟೆವು. ಪ್ರತಿ ಸಲ ಬಿಡುವ ಮುಂಚೆ ಹೊಟ್ಟೆಯ ಮೇಲೆ ಕೈಯಿಟ್ಟು ಮೆತ್ತಗಿದೆಯೇ ನೋಡುವುದು, ಹಿಂದಿನ ಹಾಲು ಕರಗಿದೆಯೇ ಎಂದು ಸಿರಿಂಜಿನಲ್ಲಿ ಎಳೆದು ನೋಡುವುದು.

ಕೂಸು ಸ್ವಲ್ಪ ಸುಧಾರಿಸಿದಂತೆ ಕಂಡ ಮೇಲೆ ಎದೆಗಪ್ಪಿ ಇಟ್ಟುಕೊಳ್ಳುವುದನ್ನು ಶುರು ಮಾಡಿದೆವು. ದೊಡ್ಡವರ ಬರಿ ಎದೆಯ ಮೇಲೆ ಕೂಸಿನ ಬರಿ ಮೈ, ತಲೆಗೆ ಟೋಪಿ, ಕಾಲಿಗೆ ಚೀಲ, ಮೇಲೆ ಬಟ್ಟೆಯ ಕಟ್ಟು. ಮೈಯ ಶಾಖ ಯಂತ್ರಕ್ಕಿಂತ ಹದವಾಗಿರುತ್ತದೆ, ಉಸಿರಿನ ಲಯ ಕೂಸಿಗೆ ಉಸಿರು ನೆನಪಿಸುತ್ತದೆ. ತಾಯಿಯೇ ಆಗಬೇಕೆಂದಿಲ್ಲ. ಅಜ್ಜಿ ಒಪ್ಪಿದಳು. ರವಿಕೆ ಬಿಚ್ಚಲು ಮಾತ್ರ ನಾಚಿಕೊಂಡಳು.

"ಡಾಕ್ಟರಪ್ಪಗ ಆ ಕಡಿ ಮಾರಿ ಮಾಡ್ಕೊಂಡು ನಿಂದ್ರಾಕ ಹೇಳ್ರಿ."

ಅಜ್ಜಿ ಏನಂದಳು ಅಂತ ಡಾಕ್ಟರು ತೆಲುಗಿನಲ್ಲಿ ಕೇಳಿದರು. ನಾನು ಹೇಳಿದೆ. ಅವರು ಗೋಡೆಯ ಕಡೆ ತಿರುಗಿ ನಿಂತರು. ಇನ್ನೂ ಹುಡುಗನಂತಿದ್ದ ಆ ಡಾಕ್ಟರ ಕಿವಿ ಕೆಂಪಾಗಿದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಕೂಸಿನ ಮೈ ತಣ್ಣಗಾಗತೊಡಗಿತು. ಅಜ್ಜಿಯ ಎದೆಯ ಮೇಲೆ ಇಟ್ಟಾಗಲೇ ಶಾಖ ಇಳಿಯುತ್ತಿತ್ತು, ವಾರ್ಮರಿಗೆ ತಂದರೆ ಏರುತ್ತಿತ್ತು. ಇದಕ್ಕೆ ಅರ್ಥವಿರಲಿಲ್ಲ. ಥರ್ಮಾಮೀಟರ್ ಬದಲಿಸಿದೆವು. ಕಿಟಕಿಯ ಸಂದಿಗೆ ಹತ್ತಿ ತುರುಕಿದೆವು. ಮೈ ತಣ್ಣಗಾಗುವುದು ಸೋಂಕಿನ ಮೊದಲ ಗುರುತೂ ಹೌದು, ಹಾಗಾಗಿ ಡಾಕ್ಟರು ಆಂಟಿಬಯೋಟಿಕ್ ಬದಲಿಸಿದರು. ರಕ್ತ ತೆಗೆಯಲು ಹಿಮ್ಮಡಿ ಮತ್ತೆ ಮತ್ತೆ ಚುಚ್ಚಿದೆವು. ಅಷ್ಟು ಸಣ್ಣ ಮೈಯಲ್ಲಿ ನಾವು ತೆಗೆಯುವ ಪ್ರತಿ ಹನಿ ರಕ್ತವೂ ದೊಡ್ಡದೇ.

ಆಯಾ ನೆಲ ಒರೆಸುವಾಗ ಅಜ್ಜಿಯ ತೊಡೆಯ ಕೆಳಗಿನಿಂದ ಟೋಪಿ ಎಳೆದಳು. ನಾವು ಕೊಟ್ಟ ಹೊಸ ಟೋಪಿ. ಕಾಲುಚೀಲವೂ ಅಲ್ಲೇ ಇತ್ತು; ನಾವು ಅತ್ತ ಹೋದ ಮೇಲೆ ಅಜ್ಜಿ ಎರಡನ್ನೂ ಬಿಚ್ಚಿ ಕೂಸಿನ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

"ಏ ಮುದುಕೀ! ಇದು ನಿನ ಕುಂಡಿ ಕೆಳಗ ಬೆಚ್ಚಗಿರಲಿ ಅಂತ ಕೊಟ್ಟೇವೇನ?"

ಅಜ್ಜಿ ಹೆದರಲಿಲ್ಲ. "ಹೊಸಾದೈತಿ. ಪುರುಡು ಕಳೀದ, ತೊಟ್ಟಲಕ್ಕ ಹಾಕದ, ಹೊಸಾ ಬಟ್ಟಿ ಯಾರರ ಹಾಕ್ತಾರೇನ? ಹೊಸಾದು ಹಾಕಿದರ ಯಮನ ಕಣ್ಣಿಗಿ ಬೀಳತೈತಿ. ಹಳೇದಿತ್ತಂದ್ರ, ಯಾರದೋ ಕೂಸು ಅಂತ ಬಿಟ್ಟು ಹೋಗ್ತಾನ."

ನನಗೆ ಸಿಟ್ಟು ಬಂತು. ಆದರೆ ನಮ್ಮ ಮನೆಯಲ್ಲೂ ಹಾಗೆಯೇ. ನನ್ನ ತಂಗಿಯ ಮಗನಿಗೆ ಹದಿಮೂರನೆಯ ದಿನದವರೆಗೆ ನನ್ನ ಹಳೇ ಸೀರೆಯ ತುಂಡುಗಳೇ. ಅದು ಗೊತ್ತಿದ್ದೂ ಪ್ಲಾಸ್ಟಿಕ್ ಪೊಟ್ಟಣ ಹರಿದು ಹೊಸ ಟೋಪಿ ಹಾಕುವಾಗ ನನಗೆ ಹೊಳೆದಿರಲಿಲ್ಲ. ಯೂನಿಫಾರ್ಮ್ ಹಾಕಿಕೊಂಡ ಮೇಲೆ ಕೆಲವು ತಿಳಿವಳಿಕೆಗಳು ಹೊರಗೇ ಉಳಿಯುತ್ತವೆ. ಆಯಾ ಮನೆಯಿಂದ ತನ್ನ ಮೊಮ್ಮಗನ ಹಳೆಯ ಟೋಪಿ ತಂದಳು. ಕುದಿಸಿ, ಬಿಸಿಲಿಗೆ ಹಾಕಿ, ಮೇಲೆ ಇಸ್ತ್ರಿ ಮಾಡಿ ಕಟ್ಟಿದೆವು. ದೊಡ್ಡದಾಗಿತ್ತು, ಒಳಗೆ ಮಡಚಿದೆವು. ಮೈಯ ಶಾಖ ಇಳಿಯದೆ ಉಳಿಯಿತು.

ಕಥೆಯಾಗಿದ್ದರೆ ಇಲ್ಲಿಂದ ಏರಬೇಕಿತ್ತು. ಕೆಲವು ದಿನ ಏರಿತು ಕೂಡ. ತೂಕ ಇಳಿಯುವುದು ನಿಂತಿತು. ಅಜ್ಜಿ ಎದೆಯ ಮೇಲೆ ಕೂಸನ್ನಿಟ್ಟುಕೊಂಡು ಗಾಜಿನಾಚೆಯ ಮಗನಿಗೆ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು: "ಮೂಗು ನಿಂದೇ ಐತೋ ತಮ್ಮಾ. ಪುಣ್ಯಾಕ ಉಳದದ್ದೆಲ್ಲ ಅವರವ್ವಂದೈತಿ." ಅವನು ನಗುತ್ತಿದ್ದ. ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ನಗುತ್ತಿದ್ದ.

ಒಂದು ಬೆಳಿಗ್ಗೆ ಅಜ್ಜಿ ಕೆಮ್ಮುತ್ತ ಬಂದಳು. ಮೈ ಮುಟ್ಟಿದರೆ ಸುಡುತ್ತಿತ್ತು. ಬಾಗಿಲಲ್ಲೇ ತಡೆದೆ. ಅದೇ ಬೆಳಿಗ್ಗೆ ಕೂಸಿನ ಹೊಟ್ಟೆಯ ಮೇಲೆ ಕೈಯಿಟ್ಟರೆ ಮೆತ್ತಗಿರಲಿಲ್ಲ. ಚರ್ಮ ಬಿಗಿದು ಹೊಳೆಯುತ್ತಿತ್ತು. ಸಿರಿಂಜಿನಲ್ಲಿ ಎಳೆದರೆ ಹಸಿರು ಬಂತು. ಬಟ್ಟೆಯಲ್ಲಿ ರಕ್ತದ ಎಳೆ.

ದಿನ ತುಂಬದ ಕೂಸಿನ ಕರುಳು ಒಮ್ಮೊಮ್ಮೆ ಒಳಗೇ ಕೊಳೆಯಲು ತೊಡಗುತ್ತದೆ. ಕಾರಣ ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ. ಹಾಲು ನಿಲ್ಲಿಸಿದೆವು, ಡ್ರಿಪ್ ಹಚ್ಚಿದೆವು. ಕರುಳು ತೂತಾದರೆ ಆಪರೇಷನ್ ಬೇಕು, ವೆಂಟಿಲೇಟರ್ ಬೇಕು. ನಮ್ಮಲ್ಲಿ ಎರಡೂ ಇಲ್ಲ. ಡಾಕ್ಟರು ದೊಡ್ಡ ದವಾಖಾನೆಗೆ ಫೋನ್ ಮಾಡಿದರು. ಅಲ್ಲಿನವರು ತನ್ನಿ ಅಂದರು. ಅಂಬುಲೆನ್ಸ್ ಬಂತು. ಕೂಸನ್ನು ಬೆಚ್ಚಗೆ ಸಾಗಿಸುವ ಪೆಟ್ಟಿಗೆ ಬೇರೆ ಕೂಸಿನ ಜೊತೆ ಹೋಗಿ ಇನ್ನೂ ಮರಳಿರಲಿಲ್ಲ. ಅದು ಬರುವವರೆಗೆ ಕಾಯುವಂತಿರಲಿಲ್ಲ.

"ನಾನ್ನ ಛಾತೀ ಮೀದ ಪೆಟ್ಟಿ ಪಂಪಿದ್ದಾಂ," ಅಂದರು ಡಾಕ್ಟರು. ಅಪ್ಪನ ಎದೆಯ ಮೇಲಿಟ್ಟು ಕಳಿಸೋಣ.

ನಾನೇ ಹೋಗಬಹುದಿತ್ತೇ? ವಾರ್ಡಿನಲ್ಲಿ ಇನ್ನೂ ಕೂಸುಗಳಿದ್ದವು, ಸಿಸ್ಟರ್ ಅಂತ ಆ ಹೊತ್ತಿಗೆ ನಾನೊಬ್ಬಳೇ. ಆಯಾ ಸೆರಗು ಸರಿಸಿ "ನನ್ನ ಎದಿಗಿ ಕಟ್ರಿ, ನಾ ಹೊಕ್ಕೀನಿ" ಅಂದಳು. ಅಲ್ಲಿ ಆಪರೇಷನ್ನಿಗೆ ಒಪ್ಪಿಗೆ ಕೊಡಲು, ರಕ್ತ ಕೊಡಲು ಮನೆಯವರೇ ಬೇಕು. ಅಂಬುಲೆನ್ಸಿನಲ್ಲಿ ಒಬ್ಬರಿಗೆ ಮಾತ್ರ ಜಾಗ.

ಗಾಜಿನ ಬಾಗಿಲು ತೆಗೆದು ಹೊರಗೆ ಹೋದೆ. ಅವನಿಗೆ ಎಲ್ಲ ಹೇಳಿದೆ, ನಮ್ಮ ಮಾತಿನಲ್ಲೇ.

"ಅಣ್ಣಾ, ಕೂಸಿಗಿ ಹೊಟ್ಟಿ ಕೆಟ್ಟೈತಿ. ದೊಡ್ಡ ದವಾಖಾನಿಗಿ ಒಯ್ಯಬೇಕು. ದಾರ್ಯಾಗ ತಣ್ಣಗಾದರ ಅಲ್ಲೀತನ ಮುಟ್ಟಂಗಿಲ್ಲ. ನಿಮ್ಮ ಎದಿ ಮ್ಯಾಲ ಕಟ್ತೀನಿ."

ಅವನು ಕೈ ನೋಡಿಕೊಂಡ.

ನಮ್ಮ ವಾರ್ಡಿಗೂ ಒಂದು ನಿಯಮ ಇದೆ: ಮೊಣಕೈಯ ಕೆಳಗೆ ದಾರ, ಬಳೆ, ಉಂಗುರ ಏನೂ ಇರಬಾರದು. ಉಣ್ಣೆಯ ದಾರದಲ್ಲಿ ರೋಗಾಣು ಉಳಿಯುತ್ತದೆ. ಅವನ ನಿಯಮ ಬಿಚ್ಚಬೇಡ ಅನ್ನುತ್ತಿತ್ತು, ನಮ್ಮದು ಬಿಚ್ಚು ಅನ್ನುತ್ತಿತ್ತು. ನಾನು ನಡುದಾರಿ ಹುಡುಕಿದೆ. "ಕೈಗಿ ಪ್ಲಾಸ್ಟಿಕ್ ಕಟ್ತೀನಿ. ದಾರ ಒಳಗ ಇರಲಿ, ಬಿಚ್ಚೋದು ಬ್ಯಾಡ."

"ಪ್ಲಾಸ್ಟಿಕ್‌ನಾಗ ಇಟ್ರ ದೇವರಿಗಿ ಕಾಣಂಗಿಲ್ಲೇನ್ರಿ?" ಅಂದ. ಅಣಕವೇನೂ ಇರಲಿಲ್ಲ. ನಿಜವಾಗಿಯೂ ಕೇಳಿದ.

"ಬಿಚ್ಚಿದರ?"

"ಇದರ ಸಲುವಾಗೇ ಕಟ್ಟಿಸ್ಕೊಂಡೀನ್ರಿ ಸಿಸ್ಟರ್. ಈ ಕೂಸಿನ ಸಲುವಾಗಿ. ನಾ ಈಗ ಬಿಚ್ಚಿದ್ನಿ ಅಂದ್ರ, ಕೊಟ್ಟದ್ದು ಬ್ಯಾಡಪಾ, ವಾಪಸ್ ಒಯ್ಯಿ ಅಂದಂಗ."

ಅಜ್ಜಿ ಬೆಂಚಿನ ಮೇಲೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಜ್ವರದ ಕಣ್ಣು. "ಬಿಚ್ಚಬ್ಯಾಡೋ," ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ನಿಂದ್ರಬ್ಯಾಡೋ, ಒಯ್ಯಿ," ಅಂದಳು. ಎರಡನ್ನೂ ಅಂದಳು.

ಅವನು ಪೂಜಾರಿಗೆ ಫೋನ್ ಹಚ್ಚಿದ. ಹತ್ತಲಿಲ್ಲ. ಇನ್ನೊಮ್ಮೆ ಹಚ್ಚಿದ. ಒಳಗಿನಿಂದ ಆಯಾ ಬಂದು, "ಜಲ್ದಿ ಮಾಡ್ರಪಾ, ಕೂಸು ಬೂದಿ ಬಣ್ಣಕ್ಕ ಬಂದೈತಿ" ಅಂದಳು.

ಆಗ ಅವನು ನನ್ನನ್ನು ಕೇಳಿದ. "ಬಿಚ್ಚಿ ಒಯ್ದರ ಉಳಿತೈತೇನ್ರಿ?"

ಇಲ್ಲಿ ನನ್ನ ನೆನಪು ನನಗೆ ಬೇಕಾದ ಹಾಗೆ ನಡೆದುಕೊಳ್ಳುತ್ತಿದೆಯೇನೋ. ನಾನು ಹೇಳಿದ್ದು, "ಬಿಚ್ಚಲಿಲ್ಲಂದ್ರ ಉಳಿಯಂಗಿಲ್ಲಣ್ಣ" ಎಂದು. ಹಾಗಂತ ನನಗೆ ನೆನಪಿದೆ. ಆಯಾ ಒಪ್ಪುವುದಿಲ್ಲ. "ನೀವು ಉಳಿತೈತಿ ಅಂದ್ರಿ ಸಿಸ್ಟರ್. ಅವನ ಕೈ ಹಿಡದು ಅಂದ್ರಿ. ನಾ ಪಕ್ಕದಾಗ ನಿಂತಿದ್ನಿ" ಅನ್ನುತ್ತಾಳೆ. ಮೊದಲನೆಯದು ಎಚ್ಚರಿಕೆ, ಎರಡನೆಯದು ಭರವಸೆ. ಅಂಥ ಹೊಟ್ಟೆಯಾದ ಅಷ್ಟು ತೂಕದ ಕೂಸುಗಳಲ್ಲಿ ಎಷ್ಟು ಉಳಿಯುತ್ತವೆ ಎಂದು ನನಗೆ ಅಂದಾಜಿತ್ತು. ಭರವಸೆ ಕೊಡುವ ಹಕ್ಕು ನನಗಿರಲಿಲ್ಲ. ಆದರೆ ಕೊಡುವವಳೇ ಅಲ್ಲ ನಾನು ಎಂದು ಹೇಳಲಾರೆ. ಅವನ ಕೈ ಹಿಡಿದದ್ದು ನನಗೆ ನೆನಪೇ ಇಲ್ಲ.

ಅವನು ಬಲಗೈ ಮುಂದೆ ಚಾಚಿದ. "ನಾ ಬಿಚ್ಚಂಗಿಲ್ರಿ. ನೀವೇ ಕತ್ತರಿಸ್ರಿ."

ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿಯಿಂದ ಕತ್ತರಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಅದು ಬ್ಯಾಂಡೇಜಿನ ಕತ್ತರಿ, ಮೊಂಡಾಗಿತ್ತು. ಉಣ್ಣೆ ಜಾರಿತು. ಎರಡು ಮೂರು ಸಲ ಒತ್ತಬೇಕಾಯಿತು. ಅವನು ಬೇರೆ ಕಡೆ ನೋಡುತ್ತಿದ್ದ. ಅಜ್ಜಿ ದಾರವನ್ನೂ ಅರಿಶಿನದ ಕೊಂಬನ್ನೂ ನೆಲಕ್ಕೆ ಬೀಳಗೊಡದೆ ಸೆರಗಿನಲ್ಲಿ ಹಿಡಿದಳು. ಆಮೇಲೆ ನನ್ನ ಮುಖ ನೋಡಲಿಲ್ಲ.

ಮುಂದಿನದು ಕೈಗಳಿಗೆ ಗೊತ್ತಿದ್ದ ಕೆಲಸ. ಅಂಗಿ ಬಿಚ್ಚಿಸಿ ಎದೆ ಒರೆಸಿದೆ. ಅಂಬುಲೆನ್ಸಿನಲ್ಲಿ ಅರ್ಧ ಒರಗಿಸಿ ಕೂರಿಸಿದೆ. ಕೂಸನ್ನು ನೆಟ್ಟಗೆ ಎತ್ತಿ ಎದೆಯ ನಡುವೆ ಇಟ್ಟೆ. ಕಾಲುಗಳನ್ನು ಕಪ್ಪೆಯ ಹಾಗೆ ಮಡಚಿ, ಕೈ ಮೇಲಕ್ಕೆ ತಂದು, ಉಸಿರಿನ ದಾರಿ ಮಡಚದಂತೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಗಲ್ಲವನ್ನು ಚೂರು ಎತ್ತಿದೆ. ಹೊಟ್ಟೆ ಒತ್ತದ ಹಾಗೆ ಕಟ್ಟನ್ನು ಕೆಳಗೆ ಸಡಿಲ, ಮೇಲೆ ಬಿಗಿ. ಮೂಗಿನ ಕೊಳವೆಯನ್ನು ಅಂಬುಲೆನ್ಸಿನ ಸಿಲಿಂಡರಿಗೆ ಬದಲಿಸಿದೆವು. ಅದರ ಮೇಲೆ ಅವನ ಅಂಗಿ, ಅಂಗಿಯ ಮೇಲೆ ಅವನದೇ ಕಂಬಳಿ.

ಅವನು ಕಲ್ಲಿನ ಹಾಗೆ ಕೂತಿದ್ದ. ಎದೆ ಅಲುಗಲಿಲ್ಲ.

"ಉಸಿರಾಡಣ್ಣ. ನೀ ಆಡಿದರ ಅದೂ ಆಡತೈತಿ."

"ಬೀಳತೈತೇನೋ ಅಂತ್ರಿ."

"ಬೀಳಂಗಿಲ್ಲ. ಕಟ್ಟೀನಿ."

ಅವನು ಉಸಿರು ಬಿಟ್ಟ. ಕಟ್ಟಿನೊಳಗೆ ಕೂಸು ಮೇಲೆ ಬಂದು ಕೆಳಗೆ ಹೋಯಿತು. ಅವನು ತಲೆ ಬಗ್ಗಿಸಿ ಅದರ ನೆತ್ತಿ ನೋಡಿದ. ಮಗಳನ್ನು ಗಾಜಿಲ್ಲದೆ ನೋಡಿದ್ದು ಅದೇ ಮೊದಲು. ಏನೋ ಅಂದ, ಬೀರಪ್ಪನ ಹೆಸರೇ ಇರಬೇಕು, ಅಂಬುಲೆನ್ಸಿನ ಇಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಬಾಗಿಲು ಹಾಕಿದರು. ಮಧ್ಯಾಹ್ನದ ಬಿಸಿಲು. ಅಜ್ಜಿ ಗೇಟಿನವರೆಗೆ ಹಿಂದೆ ಹೋಗಿ ಅಲ್ಲೇ ಕುಕ್ಕರಿಸಿ ಕೂತಳು.

ವಾರ್ಮರಿನ ಹಾಸು ತೆಗೆದು ಒರೆಸಿ ಆರಿಸುವಾಗ, ದಾರಿಯ ಗುಂಡಿಗಳು ಎಲ್ಲೆಲ್ಲಿವೆ ಎಂದು ಯೋಚಿಸುತ್ತಿದ್ದೆ. ಸಂಜೆಗೆ ಅಂಬುಲೆನ್ಸಿನವನು ಫೋನ್ ಮಾಡಿದ. ಮೈ ಬೆಚ್ಚಗಿತ್ತಂತೆ. ದಾರಿಯಲ್ಲಿ ಒಮ್ಮೆ ಉಸಿರು ಮರೆತಿತ್ತು, ಅಪ್ಪನೇ ಬೆನ್ನು ತಿಕ್ಕಿ ಎಬ್ಬಿಸಿದನಂತೆ. "ಹೊಟ್ಟೆ ಮಾತ್ರ ಇನ್ನೂ ದೊಡ್ಡದಾಗಿತ್ತು ಸಿಸ್ಟರ್" ಅಂದ. ಜೀವಂತ ಮುಟ್ಟಿಸಿದ್ದೇನೆ ಅಂದ.

ಅಲ್ಲಿಂದ ಮುಂದೆ ನನ್ನ ಹತ್ತಿರ ಇರುವುದು ಸುದ್ದಿಯ ಚೂರುಗಳು. ನಾವು ಬೇರೆ ಕಡೆ ಕಳಿಸಿದ ಕೂಸುಗಳು ಏನಾದವು ಎಂದು ನಮಗೆ ಯಾರೂ ತಿರುಗಿ ಹೇಳುವುದಿಲ್ಲ. ಹೇಳಬೇಕೆಂದು ನಿಯಮವೂ ಇಲ್ಲ, ಹೇಳಲು ಅವರಿಗೆ ಪುರುಸೊತ್ತೂ ಇಲ್ಲ. ಅಪ್ಪನ ಫೋನಿಗೆ ಹಚ್ಚಿದೆ. ಸ್ವಿಚ್ ಆಫ್. ದೊಡ್ಡ ದವಾಖಾನೆಯ ವಾರ್ಡಿನ ಒಬ್ಬ ಸಿಸ್ಟರನ್ನು ಹುಡುಕಿ ಕೇಳಿದೆ. ಹೆಸರಿಡುವ ಮುಂಚಿನ ಕೂಸುಗಳಿಗೆ ತಾಯಿಯ ಹೆಸರೇ ಗುರುತು. ಆ ಹೆಸರಿನ ತಾಯಂದಿರ ಕೂಸುಗಳು ಅಲ್ಲಿ ಎರಡಿದ್ದವಂತೆ, ಎರಡೂ ಹೆಣ್ಣು, ಎರಡೂ ಹೊರಗಿನಿಂದ ಬಂದವು. ಒಂದು ತೀರಿಕೊಂಡಿತ್ತು. ಇನ್ನೊಂದನ್ನು ಮನೆಯವರು, ಬೇಡವೆಂದರೂ ಕೇಳದೆ, ಎತ್ತಿಕೊಂಡು ಹೋಗಿದ್ದರು. ಕುರಿಗಾರರದು ಯಾವುದು ಎಂದು ಕೇಳಿದೆ. "ನಂಗೆ ನೆನಪಿಲ್ಲ, ಮುಖ ಎಲ್ಲ ಒಂದೇ ಥರ" ಅಂದಳು.

ಎರಡರಲ್ಲಿ ಯಾವುದೇ ಆದರೂ ಒಳ್ಳೆಯ ಸುದ್ದಿಯಲ್ಲ. ಅಂಥ ಕರುಳಿನ ಕೂಸು, ಡ್ರಿಪ್ ತೆಗೆಸಿಕೊಂಡು ಹೊರಟರೆ ಎಷ್ಟು ದಿನ.

ಸಂಕ್ರಾಂತಿ ಆದಮೇಲೆ ಗಟ್ಟು ಕಡೆಯ ಆಶಾ ಕಾರ್ಯಕರ್ತೆ ಬೇರೆ ಬಸುರಿಯನ್ನು ಕರೆದುಕೊಂಡು ಬಂದಿದ್ದಳು. ಅವಳನ್ನು ಕೇಳಿದೆ. ಮನೆಗೆ ಬೀಗ, ಅಂದಳು. ಬಾಣಂತಿ ಬದುಕಿದ್ದಾಳೆ, ರಾಯಚೂರು ಸೀಮೆಯ ತವರಿಗೆ ಹೋಗಿದ್ದಳು. ಆ ಕಡೆ ತನಗೆ ಹೋಗಿ ನೋಡಲು ಬರುವುದಿಲ್ಲ, ಅದು ಬೇರೆ ರಾಜ್ಯ. ಕಾರ್ಯದ ದಿನ ಕಂಕಣವಿಲ್ಲದ ಕೈಯಲ್ಲಿ ಅವನು ದೂರ ನಿಂತಿದ್ದನಂತೆ, ಅಥವಾ ಬಂದೇ ಇರಲಿಲ್ಲವಂತೆ. ಊರಿನ ಇಬ್ಬರು ಅವಳಿಗೆ ಎರಡು ಥರ ಹೇಳಿದ್ದರು. ಮತ್ತೆ ಅವಳೇ ಅಂದಳು:

"ಮೊನ್ನಿ ನೋಡಿದ್ನಿ ಅಕ್ಕಾ, ರಾಜೋಳಿ ದಾರ್ಯಾಗ. ಬಸ್ಸಿನಾಗಿಂದ. ಕುರಿ ಹೊಂಟಿದ್ವು. ಕೂಸಿನವ್ವ ಹಿಂದ ನಡಕೋತ ಹೊಂಟಿದ್ಲು."

"ಕೂಸಿತ್ತಾ?"

"ಕಂಬಳಿ ಹೊದ್ದಿದ್ಲು. ಎದಿ ಮ್ಯಾಲ ಹಿಂಗ ಕೈ ಕಟ್ಟಿದ್ಲು. ಥಂಡಿ ಇತ್ತಲ್ಲಕ್ಕಾ, ಎಲ್ಲಾರೂ ಹಂಗೇ ಹೊದ್ದಿದ್ರು."

"ಅಂದ್ರ ಒಳಗ ಇತ್ತೋ ಇಲ್ಲೋ?"

"ಬಸ್ ನಿಲ್ಲಲಿಲ್ಲಕ್ಕಾ."

ಆ ಕೂಸು ಬದುಕಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ.